ಇಟ್ಟಿಗೆಯ ಸೋಫಾ ಕಟ್ಟಿದ ಭೀಮಣ್ಣನಿಗೆ ನಕ್ಷೆ ಓದಲು ಬರುತ್ತದೆಂದು ದಾಖಲಿಸುವ ಕುರಿತು

ದಿನಾಂಕ: ೨೧-೯-೨೦೦೩, ಭಾನುವಾರ
ಸ್ಥಳ: ಹಡಪಸರ, ಪುಣೆ

ಇಂದ,
ಭೀಮಣ್ಣ ತಂದೆ ಸಾಬಣ್ಣ,
ವಯಸ್ಸು: ಐವತ್ತೆರಡು ಇರಬಹುದು,
ಉದ್ಯೋಗ: ಗೌಂಡಿ ಮೇಸ್ತ್ರಿ, ಸದ್ಯಕ್ಕೆ ಗಾರೆ ಹೊರುವುದು,
ಮೂಲ: ಶಹಾಪುರ ತಾಲ್ಲೂಕು,
ಹಾಲಿ ವಾಸ: ಪತ್ರಾ ಶೆಡ್ಡು ಸಂಖ್ಯೆ ೧೧, ಕಟ್ಟಡ ಏಳುತ್ತಿರುವ ಜಾಗ, ಹಡಪಸರ. (ಕಟ್ಟಡ ಮುಗಿದರೆ ವಿಳಾಸ ಬದಲಾಗುತ್ತದೆ. ಈಗಾಗಲೇ ನಾಲ್ಕನೆಯ ಮಹಡಿ ನಡೆದಿದೆ. ಉತ್ತರ ಬೇಗ ಬರಲಿ.)

ಅರ್ಜಿ ಬರೆದವಳು: ಶಾಮಲಾ, ಕಂಪ್ಯೂಟರ್ ಆಪರೇಟರ್, ಬಿಜಾಪುರದ ಕಡೆಯವಳು. ಅರ್ಜಿದಾರರಿಗೆ ಅಕ್ಷರ ಬಾರದ ಕಾರಣ ಅವರು ಹೇಳಿದ್ದು, ಇವಳು ಬರೆದದ್ದು.

ಗೆ,
ಮಾನ್ಯ ಅಧ್ಯಕ್ಷರು,
ಕಟ್ಟಡ ಉದ್ಯಮದ ಮುಕ್ತ ಡಿಜಿಟಲ್ ಮಾನಕಗಳ ಪ್ರಚಾರ ಸಮಿತಿ,
ಪುಣೆ.

ವಿಷಯ: ಒಬ್ಬರು ಬರೆದ ನಕ್ಷೆ ಇನ್ನೊಬ್ಬರ ಕಂಪ್ಯೂಟರಿನಲ್ಲಿಯೂ ಅದೇ ನಕ್ಷೆಯಾಗಿ ಉಳಿಯುವಂತೆ ಮಾಡುವ ಬಗ್ಗೆ, ಮತ್ತು ಹಾಗೆ ಉಳಿಯದ ಕಾರಣ ಅರ್ಜಿದಾರರಿಗೆ ಅಂಟಿದ ಹೆಸರನ್ನು ತೆಗೆಸುವ ಬಗ್ಗೆ.

ಉಲ್ಲೇಖ:
(೧) ತಮ್ಮ ಸಮಿತಿಯ ಪತ್ರಿಕಾ ಪ್ರಕಟಣೆ, ಕಳೆದ ತಿಂಗಳು.
(೨) ಕೊಂಢವಾದ ಠೇಕೇದಾರರು ಅರ್ಜಿದಾರರ ಬಗ್ಗೆ ಬರೆದ ಚೀಟಿ, ಫೆಬ್ರವರಿ ೨೦೦೨.
(೩) ಅರ್ಜಿದಾರರ ಪತ್ನಿ ಮಾನಮ್ಮನವರ ಮೌಖಿಕ ಆದೇಶ. ದಿನಾಂಕ ನಮೂದಿಸಿಲ್ಲ, ದಿನಾಲೂ ಹೊರಡುತ್ತದೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಅರ್ಜಿದಾರರು ದೂರು ಹೇಳಿಕೊಂಡು ತಿರುಗುವ ಮನುಷ್ಯರಲ್ಲ. ಆದರೆ ತಮ್ಮ ಸಮಿತಿಯು, ಯಾರು ಬರೆದ ನಕ್ಷೆಯೇ ಆಗಲಿ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಒಂದೇ ತೆರನಾಗಿ ಕಾಣಬೇಕು, ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಕಾಗದಂಥ ಮುಕ್ತ ಮಾನಕ ಬರಬೇಕು, ಈ ಬಗ್ಗೆ ಉದ್ಯಮದ ಎಲ್ಲರೂ ಯಾವುದೇ ಭಾರತೀಯ ಭಾಷೆಯಲ್ಲಿ ತಮ್ಮ ಅನುಭವ ತಿಳಿಸಬಹುದು ಎಂದು ಪ್ರಕಟಿಸಿರುವ ಕಾರಣ, ಮತ್ತು ಈ "ಎಲ್ಲರೂ" ಎನ್ನುವುದರಲ್ಲಿ ಗೌಂಡಿಗಳು ಸೇರುವುದಿಲ್ಲವೆಂದು ತಾವು ಎಲ್ಲಿಯೂ ಹೇಳದ ಕಾರಣ, ಸೇರುತ್ತಾರೆಂದೇ ತಿಳಿದು ಈ ಅರ್ಜಿ.

೧. ಅರ್ಜಿದಾರರು ೧೯೭೭ರಲ್ಲಿ ಪುಣೆಗೆ ಬಂದರು. ಎರಡು ವರ್ಷ ಗಾರೆ ಹೊತ್ತು ಮೂರನೆಯ ವರ್ಷ ಕೈಯಲ್ಲಿ ಕರಣೆ ಹಿಡಿದರು. ಅಕ್ಷರ ಕಲಿಸುವವರು ಯಾರೂ ಸಿಗಲಿಲ್ಲ, ನಕ್ಷೆ ಕಲಿಸುವವರು ಸಿಕ್ಕರು. ಘಾಟು ವಾಸನೆಯ ನೀಲಿ ನಕ್ಷೆಗಳ ಕಾಲದಿಂದಲೂ ಅವರ ಪದ್ಧತಿ ಒಂದೇ: ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿ, ಹಾಳೆಯ ಉತ್ತರವನ್ನು ಊರಿನ ಉತ್ತರಕ್ಕೆ ತಿರುಗಿಸಿ, ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುವುದು. ಹತ್ತು ನಿಮಿಷ ಯಾರೂ ಮಾತಾಡಿಸುವಂತಿಲ್ಲ. ಆಮೇಲೆ ಎದ್ದರೆ ಇಡೀ ಮನೆ ಅವರ ತಲೆಯಲ್ಲಿ ನಿಂತಿರುತ್ತದೆ. ಅವರು ಕಟ್ಟಿದ ಮನೆಗಳಲ್ಲಿ ಒಂದು ಬಾಗಿಲೂ ತಪ್ಪು ಕಡೆ ತೆರೆದದ್ದಿಲ್ಲ. ಒಮ್ಮೆ ಮಾತ್ರ, ನಕ್ಷೆಯಲ್ಲಿದ್ದಂತೆ ಬಾಗಿಲು ಇಟ್ಟರೆ ಅದು ಒಲೆಗೆ ಬಡಿಯುತ್ತದೆಂದು ಕಂಡು ಅರ್ಧ ಅಡಿ ಸರಿಸಿದ್ದರು. ಅದಕ್ಕಾಗಿ ಅವರಿಗೆ ಛೀಮಾರಿಯಾಗಿ, ಇನ್ನು ಮುಂದೆ ನಕ್ಷೆಯಲ್ಲಿದ್ದಷ್ಟನ್ನೇ ಕಟ್ಟತಕ್ಕದ್ದು ಎಂದು ತಾಕೀತಾಗಿತ್ತು.

೨. ತಮ್ಮ ಸಮಿತಿಯಲ್ಲಿ ದೊಡ್ಡವರಿದ್ದಾರೆ, ಗೊತ್ತಿರುತ್ತದೆ. ಆದರೂ ಹೇಳುವುದೇನೆಂದರೆ, ಒಂದು ಮನೆಗೆ ಎರಡು ನಕ್ಷೆ ಇರುತ್ತವೆ. ಸೋಫಾ, ಮಂಚ, ಹೂಕುಂಡ ಎಲ್ಲ ಬಿಡಿಸಿದ ಬಣ್ಣದ ನಕ್ಷೆ ಗಿರಾಕಿಗಳಿಗೆ. ಬರೀ ಗೋಡೆಗಳಿರುವ ಕಪ್ಪು ಬಿಳುಪಿನ ನಕ್ಷೆ ಸೈಟಿಗೆ. ಇಷ್ಟು ವರ್ಷಗಳಲ್ಲಿ ಅರ್ಜಿದಾರರ ಕೈಗೆ ಬಂದ ಒಂದು ನಕ್ಷೆಯಲ್ಲೂ ಕುರ್ಚಿ ಇರಲಿಲ್ಲ. ಆದಕಾರಣ ಅವರು ಕಲಿತ ಪಾಠ ಇಷ್ಟೇ: ಸೈಟಿನ ನಕ್ಷೆಯಲ್ಲಿ ಇದ್ದದ್ದೆಲ್ಲ ಇಟ್ಟಿಗೆಯದು.

೩. ಹೀಗಿರುವಾಗ, ೨೦೦೨ರ ಫೆಬ್ರವರಿಯಲ್ಲಿ, ಅರ್ಜಿದಾರರು ಮೇಸ್ತ್ರಿಯಾಗಿದ್ದ ಕೊಂಢವಾದ ಕಟ್ಟಡದ, ಗಿರಾಕಿಗಳಿಗೆ ತೋರಿಸುವ ನಮೂನೆ ಮನೆಯ ನಕ್ಷೆ ಆರ್ಕಿಟೆಕ್ಟರ ಕಡೆಯಿಂದ ಫ್ಲಾಪಿಯಲ್ಲಿ ಬಂತು. ಕಂಪ್ಯೂಟರಿನ ನಕ್ಷೆ ಎಂದರೆ ಒಂದು ಹಾಳೆಯಲ್ಲ, ಒಂದರ ಮೇಲೊಂದು ಇಟ್ಟ ತೆಳು ಹಾಳೆಗಳು. ಗೋಡೆಗೊಂದು, ನೀರಿನ ಪೈಪಿಗೊಂದು, ಸೋಫಾ ಮಂಚಗಳಿಗೊಂದು. ಸೈಟಿಗೆ ಕಳಿಸುವಾಗ ಸೋಫಾ ಮಂಚದ ಹಾಳೆಯನ್ನು ಮುಚ್ಚಿಡುತ್ತಾರೆ. ಆರ್ಕಿಟೆಕ್ಟರು ಮುಚ್ಚಿಯೇ ಕಳಿಸಿದ್ದರು. ಆದರೆ ಅವರ ಸಾಫ್ಟ್‌ವೇರ್ ಒಂದು ಕಂಪನಿಯದು, ಠೇಕೇದಾರರ ಕಚೇರಿಯದು ಇನ್ನೊಂದು ಕಂಪನಿಯದು. ಒಂದೇ ಮನೆಯ ಸೊಸೆಯರಾದ ನೆಗೆಣ್ಣಿಯರು ಮಸಾಲೆ ಖಾರದ ಅಳತೆಯನ್ನು ಒಬ್ಬರಿಗೊಬ್ಬರು ಬಿಟ್ಟುಕೊಡದ ಹಾಗೆ ಈ ಕಂಪನಿಗಳೂ ತಮ್ಮ ಗುಟ್ಟು ಬಿಟ್ಟುಕೊಡುವುದಿಲ್ಲ. ಫ್ಲಾಪಿಯನ್ನು ಹಾಕಲಾಯಿತು. ತೆರೆಯಲಿಲ್ಲ. ಆದ್ದರಿಂದ ಇನ್ನೊಂದು ರೂಪಕ್ಕೆ ಬದಲಾಯಿಸಿ ತೆರೆಯಲಾಯಿತು. ಪ್ರಿಂಟ್ ತೆಗೆಯಲಾಯಿತು. ಸುರುಳಿ ಸುತ್ತಿ ಸೈಟಿಗೆ ಕಳಿಸಲಾಯಿತು. ಇದರ ಫಲವಾಗಿ,

(ಅ) ಮುಚ್ಚಿಟ್ಟದ್ದೆಲ್ಲ ತೆರೆದುಕೊಂಡಿತು;
(ಆ) ಅಕ್ಷರ, ಅಂಕಿಗಳೆಲ್ಲ ಮಾಯವಾದವು;
(ಇ) ತೆಳುಗೆರೆ ದಪ್ಪಗೆರೆ ಎಂಬ ಭೇದ ಹೋಗಿ ಹೂಕುಂಡವೂ ಗೋಡೆಯಷ್ಟೇ ದಪ್ಪವಾಯಿತು.

೪. ಅರ್ಜಿದಾರರು ಎಂದಿನಂತೆ ನಕ್ಷೆಯನ್ನು ಹಾಸಿ ಕೂತರು. ಹತ್ತು ನಿಮಿಷ ಸಾಲದೆ ಇಪ್ಪತ್ತು ನಿಮಿಷ ಕೂತರು. ಆಮೇಲೆ ಇಟ್ಟಿಗೆ ಹೊರುತ್ತಿದ್ದ ಮಾನಮ್ಮನವರನ್ನು ಕರೆದರು.

"ಪುಣೇದ ಮಂದಿಗೆ ಕಡೀಕೂ ಬುದ್ಧಿ ಬಂತು ನೋಡು. ಮನಿಯೊಳಗ ಕಟ್ಟಿ ಕಟ್ಟಸ್ಲಿಕತ್ತಾರ."

ಅರ್ಜಿದಾರರ ಊರಿನ ಕಡೆ ಮನೆ ಎಂದರೆ ಮೊದಲು ಕಟ್ಟೆ. ಕೂರಲು ಕಟ್ಟೆ, ಮಲಗಲು ಕಟ್ಟೆ, ಕೊಡ ಇಡಲು ಕಟ್ಟೆ, ಜಗಳವಾದರೆ ಹೋಗಿ ಮುಖ ತಿರುಗಿಸಿ ಕೂರಲು ಇನ್ನೊಂದು ಕಟ್ಟೆ. ಇಷ್ಟು ವರ್ಷ ಈ ಊರಿನಲ್ಲಿ ಕಟ್ಟೆಯಿಲ್ಲದ ಮನೆಗಳನ್ನು ಕಟ್ಟಿಕಟ್ಟಿ ಬೇಸರಪಟ್ಟಿದ್ದ ಅವರಿಗೆ ಆ ದಿನ ಭಾಳ ಸಂತೋಷವಾಯಿತು.

ಮಾನಮ್ಮನವರು ಬುಟ್ಟಿ ಇಳಿಸದೆಯೇ ಒಂದು ಕಣ್ಣು ಹಾಯಿಸಿ, "ಇಷ್ಟ್ಯಾಕ್ರೀ ಕಟ್ಟಿ? ಮಂದಿ ಎಲ್ಲಿ ಓಡ್ಯಾಡಬೇಕು? ಹೋಗಿ ಸಾಹೇಬ್ರಿಗೆ ಕೇಳಿ ಬರ್ರಿ" ಎಂದರು.

ಅರ್ಜಿದಾರರು ಕೇಳಲು ಹೋದರು. ಈ ಸಂಗತಿಯನ್ನು ಕೆಂಪು ಶಾಯಿಯಲ್ಲಿ ಬರೆಯಬೇಕಿತ್ತು, ಶಾಯಿ ಇರಲಿಲ್ಲ. ಸೈಟ್ ಇಂಜಿನಿಯರ್ ಸಾಹೇಬರು ಮೊಬೈಲಿನಲ್ಲಿ ಮಾತಾಡುತ್ತಿದ್ದರು. ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, "ಡ್ರಾಇಂಗ್‌ಮಧ್ಯೇ ಜಸಂ ಆಹೇ ತಸಂ ಕರ. ಡೋಕಂ ಚಾಲವೂ ನಕೋಸ್" ಎಂದರು. ನಕ್ಷೆಯಲ್ಲಿ ಇದ್ದ ಹಾಗೆ ಮಾಡು, ತಲೆ ಓಡಿಸಬೇಡ ಎಂದು ಇದರ ತಾತ್ಪರ್ಯ. ನಕ್ಷೆಯತ್ತ ಅವರು ನೋಡಲಿಲ್ಲ.

೫. ಆ ಪ್ರಕಾರ ಕಟ್ಟಲಾಯಿತು. ಕಟ್ಟೆಗಳದೇ ನಾಲ್ಕು ದಿನದ ಕೆಲಸ. ಎತ್ತರ ಎಲ್ಲಿಯೂ ಬರೆದಿರಲಿಲ್ಲ, ಅಂಶ ೩(ಆ) ನೋಡುವುದು. ಆದ್ದರಿಂದ ಕೂರುವಂಥದ್ದಕ್ಕೆ ಮೊಣಕಾಲೆತ್ತರ, ಕೈ ಊರುವಂಥದ್ದಕ್ಕೆ ಸೊಂಟದೆತ್ತರ ಎಂದು ಅರ್ಜಿದಾರರೇ ನಿಗದಿ ಮಾಡಿದರು. ನಡುಮನೆಯಲ್ಲಿ ಗೋಡೆಗೆ ಹೊಂದಿಕೊಂಡು ಮೂಲೆಗೆ ತಿರುಗಿದ ಉದ್ದನೆಯ ಕಟ್ಟೆ, ಬೆನ್ನಿಗೆ ಒರಗುಗೋಡೆ ಸಮೇತ. ಊಟದ ಜಾಗದಲ್ಲಿ ಒಂದು ಎತ್ತರದ ಕಟ್ಟೆ, ಅದರ ಸುತ್ತ ಆರು ಮರಿಕಟ್ಟೆ. ಮಕ್ಕಳು ಬಿದ್ದರೆ ಹಣೆಗೆ ತಾಗೀತೆಂದು ಎಲ್ಲ ಮೂಲೆಗಳನ್ನೂ ಗುಂಡಗೆ ಒರೆಸಿದರು.

ಮಲಗುವ ಕೋಣೆಯ ದೊಡ್ಡ ಕಟ್ಟೆಯ ತಲೆಭಾಗದಲ್ಲಿ ಎರಡು ಆಯತಗಳಿದ್ದವು. ಅವುಗಳಿಗೆ ಎರಡಿಂಚು ಎತ್ತರ ಹೆಚ್ಚಿಗೆ ಕೊಟ್ಟು, ಮೇಲೆ ಸಿಮೆಂಟು ನುಣ್ಣಗೆ ಎಳೆದು, ನಡುವೆ ತಲೆ ಕೂರುವಷ್ಟು ತಗ್ಗು ಮಾಡಿದರು. ತಗ್ಗಿನ ಅಳತೆಗಾಗಿ ಮಾನಮ್ಮನವರು ಒಮ್ಮೆ ಮಲಗಿ ನೋಡಿ, ಇನ್ನೊಂದು ಸ್ವಲ್ಪ ಕೆಳಗೆ ಬೇಕೆಂದು ತಿಳಿಸಿದರು. ಬಾಲ್ಕನಿಯ ಮೂಲೆಯಲ್ಲಿ ದುಂಡನೆಯ ಒಂದು ಆಕಾರ, ಅದರೊಳಗೆ ಎಲೆಗಳು. ಇದು ತುಳಸಿ ಕಟ್ಟೆಯೆಂದು ಯಾರಿಗಾದರೂ ತಿಳಿಯುವಂತಿತ್ತು. ದೀಪ ಇಡಲು ಒಂದು ಗೂಡನ್ನೂ ಬಿಟ್ಟರು.

ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ಕಂಡ ಇನ್ನೊಂದು ಆಕಾರ ಮಾತ್ರ ಅರ್ಜಿದಾರರಿಗೆ ಬಗೆಹರಿಯಲಿಲ್ಲ. ಅದು ಕಾರು. ಮೊದಲ ಸಾಲು ಇಟ್ಟಿಗೆ ಇಟ್ಟು, ನಾಲ್ಕು ಬಾಗಿಲಿಗೆ ಜಾಗ ಬಿಟ್ಟು, ಮುಂದಿನ ಆದೇಶಕ್ಕೆ ಕಾಯ್ದಿರಿಸಲಾಗಿತ್ತು.

೬. ಶನಿವಾರ ಬೆಳಿಗ್ಗೆ ಠೇಕೇದಾರರು ಹನ್ನೆರಡು ಜನ ಗಿರಾಕಿಗಳನ್ನು ಕರೆದುಕೊಂಡು ನಮೂನೆ ಮನೆಯ ಬಾಗಿಲು ತೆರೆದರು. ಒಳಗೆ ಏನಾಯಿತೆಂಬುದನ್ನು ತಾವೇ ಊಹಿಸಿಕೊಳ್ಳುವುದು. ಗಿರಾಕಿಗಳಲ್ಲಿ ಒಬ್ಬ ಅಜ್ಜಿ ಮಾತ್ರ ನೇರವಾಗಿ ಒಳಕೋಣೆಗೆ ಹೋಗಿ, ತಗ್ಗಿನಲ್ಲಿ ತಲೆಯಿಟ್ಟು ಮಲಗಿ, ಎಷ್ಟು ತಂಪಾಗಿದೆ ಎಂದು ಮರಾಠಿಯಲ್ಲಿ ಮೆಚ್ಚಿ, ಮಗ ಬಂದು ಎಬ್ಬಿಸಿದರೂ ಏಳಲಿಲ್ಲ. ನಿವೃತ್ತರೊಬ್ಬರು ತುಳಸಿ ಕಟ್ಟೆ ಎಲ್ಲ ಮನೆಗೂ ಬರುತ್ತದೆಯೇ ಎಂದು ಕೇಳಿದರು. ಠೇಕೇದಾರರು ಹಲ್ಲು ಕಚ್ಚಿಕೊಂಡೇ ಹೌದೆಂದರು. ಆ ಕಟ್ಟಡದ ಇಪ್ಪತ್ತನಾಲ್ಕು ಮನೆಗಳಲ್ಲೂ ಇವತ್ತಿಗೆ ತುಳಸಿ ಕಟ್ಟೆ ಇದೆ. ಜಾಹೀರಾತಿನಲ್ಲಿ ಅದನ್ನು "ಪರಂಪರೆಯ ಸ್ಪರ್ಶ" ಎಂದು ಅಚ್ಚು ಹಾಕಿಸಿದ್ದಾರೆ. ಪರಂಪರೆಯನ್ನು ಸ್ಪರ್ಶಿಸಿದ ಅರ್ಜಿದಾರರನ್ನು ಸೋಮವಾರ ಕಚೇರಿಗೆ ಕರೆಸಲಾಯಿತು.

೭. ವಿಚಾರಣೆ ಹದಿನೈದು ನಿಮಿಷದಲ್ಲಿ ಮುಗಿಯಿತು. ಆರ್ಕಿಟೆಕ್ಟರು ತಮ್ಮ ನಕ್ಷೆ ಸರಿ ಇದೆಯೆಂದು ತಮ್ಮ ಕಂಪ್ಯೂಟರಿನಲ್ಲಿ ತೆರೆದು ತೋರಿಸಿದರು. ಸರಿಯೇ ಇತ್ತು. ಸೈಟ್ ಇಂಜಿನಿಯರರು ತಮ್ಮನ್ನು ಯಾರೂ ಏನೂ ಕೇಳಿಲ್ಲವೆಂದರು. ಪ್ರಿಂಟ್ ಸರಿ ಬಂದಿತ್ತೇ ಎಂದು ಕಚೇರಿಯನ್ನು ಕೇಳಲಾಗಿ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂದು ಉತ್ತರಿಸಲಾಯಿತು. ಎಲ್ಲರೂ ಹೀಗೆ ಒಬ್ಬೊಬ್ಬರಾಗಿ ಸರಿಯಾದ ಮೇಲೆ ಕೋಣೆಯಲ್ಲಿ ಉಳಿದವರು ಅರ್ಜಿದಾರರು ಒಬ್ಬರೇ. ತಾವು ಒರೆಸಿ ನುಣುಪು ಮಾಡಿದ್ದನ್ನು ತಾವೇ ಸುತ್ತಿಗೆ ಹಿಡಿದು ಒಡೆದು ಹಾಕಿದರು. ಎರಡು ದಿನ ಹಿಡಿಯಿತು. ಗಟ್ಟಿಯಾಗಿ ಕಟ್ಟಿದ್ದರು.

ಲೆಕ್ಕ ಚುಕ್ತಾ ಮಾಡಿ ಕೆಲಸದಿಂದ ಕಳಿಸುವಾಗ ಠೇಕೇದಾರರು ಮರಾಠಿಯಲ್ಲಿ ಒಂದು ಚೀಟಿ ಬರೆದು, ಅಂಟಿಸಿ, ಹಡಪಸರದ ಇನ್ನೊಬ್ಬ ಠೇಕೇದಾರರಿಗೆ ಕೊಡಲು ಹೇಳಿದರು. ಇಷ್ಟು ವರ್ಷದ ಕೆಲಸಕ್ಕೆ ಶಿಫಾರಸು ಬರೆದಿದ್ದಾರೆಂದು ಅರ್ಜಿದಾರರು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅಂಗಿಯ ಒಳಗೆ ಇಟ್ಟುಕೊಂಡು, ತಮ್ಮ ಕೈಯಾರೆ ಮುಟ್ಟಿಸಿದರು. ಅದರಲ್ಲಿ ಒಂದೇ ಸಾಲು ಇತ್ತು: ಇವನಿಗೆ ನಕ್ಷೆ ಓದಲು ಬರುವುದಿಲ್ಲ.

೮. ಈಗ ಹಡಪಸರದಿಂದ ಭೋಸರಿಯವರೆಗೆ ಯಾವ ಸೈಟಿಗೆ ಹೋದರೂ ಆ ಸಾಲು ಅವರಿಗಿಂತ ಮೊದಲೇ ಹೋಗಿ ಕೂತಿರುತ್ತದೆ. ಅವರ ಕೈಕೆಳಗೆ ಕೆಲಸ ಕಲಿತ ಅಂಬಾದಾಸ ಈಗ ಮೇಸ್ತ್ರಿ. ಅವನ ಕೈಕೆಳಗೆ ಅರ್ಜಿದಾರರು ಗಾರೆ ಹೊರುತ್ತಾರೆ. ಅಂಬಾದಾಸ ಒಳ್ಳೆಯ ಮನುಷ್ಯ, ಅವನಿಗೇ ನಾಚಿಕೆ. ಗೋಡೆ ಎಬ್ಬಿಸುವ ಮೊದಲು ನಕ್ಷೆ ಹಾಸಿ ಒಮ್ಮೆ ಕೆಮ್ಮುತ್ತಾನೆ. ಅರ್ಜಿದಾರರು ಬುಟ್ಟಿ ಹೊತ್ತು ಹಾಯುವಾಗ ಕಣ್ಣಾಡಿಸಿ, ಸರಿ ಇದ್ದರೆ ಸುಮ್ಮನೆ ಹೋಗುತ್ತಾರೆ, ತಪ್ಪಿದ್ದರೆ ಅವರೂ ಕೆಮ್ಮುತ್ತಾರೆ. ಇಬ್ಬರಿಗೂ ಸಿಮೆಂಟಿನ ಧೂಳು ಆಗಿಬರುವುದಿಲ್ಲವೆಂದು ಸೈಟಿನ ಸಾಹೇಬರು ಬೆಲ್ಲ ತಿನ್ನಲು ಹೇಳಿದ್ದಾರೆ.

ಮಾನಮ್ಮನವರ ಹೇಳಿಕೆ, ಅವರದೇ ಮಾತಿನಲ್ಲಿ: "ಬುಟ್ಟಿ ಹೊರೂದಕ್ಕ ಅವ್ರಿಗೆ ಸಂಕಟ ಇಲ್ರೀ. ಮೊದ್ಲು ಸೈಟಿಗೆ ಹೊಸಾ ನಕ್ಷೆ ಬಂದ್ರ ಹಬ್ಬದ ಊಟಕ್ಕ ಕೂತಂಗ ಕೂಡತಿದ್ರು. ಈಗ ನಕ್ಷೆ ಬಿಚ್ಚಿದ್ರ ಕಳ್ಳರಂಗ ಓರೆಗಣ್ಣಿಲೆ ನೋಡಿ ಮಾರಿ ತಿರುವತಾರ. ಸಿಕ್ಕಾ ಒತ್ತಿದ ಕಾಗದ ಒಂದು ತರ್ರಿ, ಮಂದಿಗೆ ತೋರಸೂಣು ಅಂತ ದಿನಾ ಹೇಳತೀನಿ."

೯. ತಮ್ಮ ಪ್ರಕಟಣೆಯನ್ನು ಅರ್ಜಿ ಬರೆದವಳು ಓದಿ ಹೇಳಿ, ಮುಕ್ತ ಮಾನಕ ಎಂದರೇನೆಂದು ವಿವರಿಸಲು ಹೋದಾಗ ಅರ್ಜಿದಾರರು ನಡುವೆಯೇ ತಡೆದರು. "ಅಕ್ಕಾರ, ಇದ್ರಾಗೇನು ಹೊಸಾದ್ ಅದ? ನೀರು ತುಂಬಿ ಮಟ್ಟಾ ನೋಡೂ ಲೆವಲ್ ಪೈಪ್ ನೋಡ್ರಿ. ಈ ತುದಿ ನಾ ಹಿಡೀಲಿ, ಆ ತುದಿ ಬಿಹಾರದಾಂವ ಹಿಡೀಲಿ, ಪೈಪ್ ಯಾರ ಅಂಗಡೀದರೆ ಇರ್ಲಿ, ನೀರು ಎರಡೂ ಕಡೆ ಅಷ್ಟಕ್ಕಷ್ಟ ನಿಲ್ತದ. ನೀರಿಗೇನು ಕಂಪನಿ ಅದ ಏನ್ರಿ?" ಸಮಿತಿಯು ಮುದ್ರಿಸಲಿರುವ ಪುಸ್ತಿಕೆಯಲ್ಲಿ ಈ ಮಾತನ್ನು ಬಳಸಿಕೊಳ್ಳಲು ಅರ್ಜಿದಾರರ ಅಡ್ಡಿಯಿಲ್ಲ.

೧೦. ತಮ್ಮ ಪ್ರಕಟಣೆಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ, ಅನುಭವಗಳನ್ನು ಇಂಥ ಕಂಪನಿಯ ಇಂಥ ಸಾಫ್ಟ್‌ವೇರಿನ ಇದೇ ವರ್ಷದ ಆವೃತ್ತಿಯಲ್ಲಿಯೇ ಸಿದ್ಧಪಡಿಸಿ ಕಳಿಸತಕ್ಕದ್ದು, ಬೇರೆ ರೂಪದಲ್ಲಿ ಬಂದವನ್ನು ತೆರೆಯಲಾಗುವುದಿಲ್ಲ ಎಂದಿದೆ. ಆ ಆವೃತ್ತಿ ನಮ್ಮಲ್ಲಿ ಇಲ್ಲ. ಆದಕಾರಣ ಈ ಅರ್ಜಿಯು ಕಾಗದದ ಮೇಲೆ ಇದೆ. ಮಡಿಕೆಯನ್ನು ಬಿಚ್ಚಿದರೆ ತೆರೆಯುತ್ತದೆ. ಮುಕ್ತ ಮಾನಕಗಳ ಪ್ರಚಾರವನ್ನು ಮೊದಲು ಯಾವ ಕಚೇರಿಯಿಂದ ಆರಂಭಿಸಬೇಕೆಂಬ ಬಗ್ಗೆ ಅರ್ಜಿದಾರರಿಗೆ ಒಂದು ಅಭಿಪ್ರಾಯವಿದೆ. ಕೇಳಿದರೆ ಹೇಳುತ್ತಾರೆ.

೧೧. ಅಂಶ ೩ರಲ್ಲಿ ಹಾಕಲಾಯಿತು, ತೆರೆಯಲಾಯಿತು, ಕಳಿಸಲಾಯಿತು ಎಂದೂ, ಅಂಶ ೭ರಲ್ಲಿ ಉತ್ತರಿಸಲಾಯಿತು ಎಂದೂ ಬರೆದಿದೆ. ಕಚೇರಿಯ ಭಾಷೆಗೆ ಇದೊಂದು ಅನುಕೂಲವಿದೆ, ಕೆಲಸ ಆಗಿರುತ್ತದೆ, ಮಾಡಿದವರು ಇರುವುದಿಲ್ಲ. ಹಾಕಿದವಳು, ತೆರೆದವಳು, ಕಳಿಸಿದವಳು, ಉತ್ತರಿಸಿದವಳು ಶಾಮಲಾ, ಅಂದರೆ ಈ ಅರ್ಜಿ ಬರೆದವಳು. ಕೊಂಢವಾದ ಆ ಕಚೇರಿಯಲ್ಲಿ ಅವಳು ಇವತ್ತಿಗೂ ಕೆಲಸದಲ್ಲಿದ್ದಾಳೆ. ನಕ್ಷೆಯನ್ನು ಬದಲಾಯಿಸುವಾಗ ಕಂಪ್ಯೂಟರ್ ಅವಳನ್ನು, ಕೆಲವು ಮಾಹಿತಿ ಹೋಗಬಹುದು, ಮುಂದುವರಿಯಲೇ ಎಂದು ಇಂಗ್ಲಿಷಿನಲ್ಲಿ ಕೇಳಿತ್ತು. ಠೇಕೇದಾರರು ಬೆನ್ನ ಹಿಂದೆ ನಿಂತು ಗಡಿಯಾರ ನೋಡುತ್ತಿದ್ದರು. ಹೌದು ಎಂದು ಒತ್ತಿದಳು. ಪ್ರಿಂಟಿನಲ್ಲಿ ಸೋಫಾ ಬಂದದ್ದು ಅವಳಿಗೆ ಕಾಣಿಸಿತ್ತು. ಮೇಸ್ತ್ರಿಗೆ ತಿಳಿಯುತ್ತದೆ ಬಿಡು ಎಂದುಕೊಂಡಳು. ಸೋಮವಾರ ವಿಚಾರಣೆಯಲ್ಲಿ ಹೆದರಿ, ಕಂಪ್ಯೂಟರ್ ತಪ್ಪು ಮಾಡುವುದಿಲ್ಲವೆಂದಳು. ಒಂದೂವರೆ ವರ್ಷ ಸುಮ್ಮನಿದ್ದಳು.

ತಮ್ಮ ಪ್ರಕಟಣೆ ಕಂಡು ಅವಳೇ ಹೇಳಿ ಕಳಿಸಿದ ಮೇಲೆ, ಈ ಅರ್ಜಿಗಾಗಿ ಅರ್ಜಿದಾರರೂ ಮಾನಮ್ಮನವರೂ ಮೂರು ಭಾನುವಾರ ಅವಳ ಮನೆಗೆ ಬಂದರು. ಮೂರನೆಯ ಭಾನುವಾರ ಅವಳು ಇದನ್ನು ಹೇಳಿದಳು. ಮಾನಮ್ಮನವರು ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು, ಮತ್ತೆ ಮುಟ್ಟಲಿಲ್ಲ.

ಅರ್ಜಿದಾರರು, "ಇಷ್ಟ ದಿವಸ ಸುಮ್ಮನ ಕೂತಿದ್ರ್ಯಾ ಅಕ್ಕಾರ?" ಎಂದರು.

"ಕೂತಿದ್ನಿರೀ ಕಾಕಾ. ಇದನ್ನೂ ಅರ್ಜ್ಯಾಗ ಬರೀತೀನಿ."

"ಬರದ್ರ ನಿಮ್ಮ ಮಾಲಕರು ನೌಕರ್ಯಾಗ ಇಟಗೋತಾರೇನು?"

"ಇಟಗೊಳ್ಳಂಗಿಲ್ಲ."

"ಹಂಗಾರ ಅದೊಂದು ಬ್ಯಾಡ, ಹೊಡದ ಹಾಕ್ರಿ. ನನಗರೆ ಬುಟ್ಟಿ ಹೊತ್ತು ರೂಢಿ ಅದ. ನಿಮಗೆಲ್ಲಿ ಬರ್ತದ?"

ಅವಳು ಆಗಲಿ ಎಂದಳು. ಆದರೆ ಹೊಡೆದು ಹಾಕಿಲ್ಲ. ಠೇಕೇದಾರರ ಆ ಚೀಟಿಯಲ್ಲಿ "ಇವನಿಗೆ" ಎಂಬಲ್ಲಿ ಯಾರದಾದರೂ ಹೆಸರು ಇರಲೇಬೇಕಾದರೆ ಶಾಮಲಾ ಎಂದು ತಿದ್ದಿಕೊಳ್ಳಲು ಅವಳ ಸಮ್ಮತಿಯಿದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಮ್ಮಲ್ಲಿ ಕೋರುವುದೇನೆಂದರೆ,

(ಅ) ಗೋಡೆ ಎಂದು ಬರೆದದ್ದು ಎಲ್ಲ ಕಂಪ್ಯೂಟರಿನಲ್ಲೂ ಗೋಡೆಯಾಗಿ, ಸೋಫಾ ಎಂದು ಬರೆದದ್ದು ಸೋಫಾ ಆಗಿ ತೆರೆಯುವಂಥ ಮಾನಕವನ್ನು ಬೇಗ ಜಾರಿಗೆ ತರಬೇಕು;

(ಆ) ಅದು ತಡವಾಗುವುದಾದರೆ, ಅಲ್ಲಿಯವರೆಗೆ ಸೈಟಿನ ನಕ್ಷೆಯನ್ನು ಒಮ್ಮೆಯಾದರೂ ಬಿಚ್ಚಿ ನೋಡಬೇಕೆಂದು ಇಂಜಿನಿಯರುಗಳಿಗೆ ಸುತ್ತೋಲೆ ಹೊರಡಿಸಬೇಕು;

(ಇ) ಭೀಮಣ್ಣ ತಂದೆ ಸಾಬಣ್ಣ ಇವರಿಗೆ ನಕ್ಷೆ ಓದಲು ಬರುತ್ತದೆ ಎಂದು ತಮ್ಮ ಸಮಿತಿಯ ಹೆಸರಿರುವ ಕಾಗದದ ಮೇಲೆ, ಒಂದೇ ಸಾಲು ಸಾಕು, ಬರೆದು ಸಿಕ್ಕಾ ಒತ್ತಿ ಕೊಡಬೇಕು. ಪರೀಕ್ಷೆ ಮಾಡುವುದಿದ್ದರೆ ಯಾವ ನಕ್ಷೆಯನ್ನಾದರೂ ನೆಲಕ್ಕೆ ಹಾಸಿ ಹತ್ತು ನಿಮಿಷ ಸುಮ್ಮನಿರಬೇಕು.

ಇಷ್ಟಾದ ಮೇಲೂ ತಮ್ಮ ಮೇಲೆ ವಿಶ್ವಾಸ ಇಟ್ಟಿರುವ,

ಭೀಮಣ್ಣ ತಂದೆ ಸಾಬಣ್ಣ
(ಎಡಗೈ ಹೆಬ್ಬೆಟ್ಟಿನ ಗುರುತು. ಸಿಮೆಂಟಿನಿಂದ ಗೆರೆಗಳು ಸವೆದಿರುವ ಕಾರಣ ಮೂರು ಸಲ ಒತ್ತಿಸಲಾಗಿದೆ.)

ಬರೆದವಳು: ಶಾಮಲಾ (ಸಹಿ)

ಲಗತ್ತುಗಳು:
೧. ಸದರಿ ಪ್ರಿಂಟಿನ ಪ್ರತಿ, ಒಂದು. ಸೋಫಾ ಇರುವ ಜಾಗಕ್ಕೆ ಗುರುತು ಹಾಕಿದೆ.
೨. ಠೇಕೇದಾರರ ಚೀಟಿ, ಪ್ಲಾಸ್ಟಿಕ್ ಚೀಲ ಸಮೇತ. ಹಡಪಸರದ ಠೇಕೇದಾರರಿಂದ ಅಂಬಾದಾಸ ಕೇಳಿ ತಂದದ್ದು.
೩. ಸಿಮೆಂಟಿನ ತಲೆದಿಂಬಿನ ತುಂಡು, ಒಂದು. ಅಂಚೆಯವರು ಸ್ವೀಕರಿಸದ ಕಾರಣ ಖುದ್ದಾಗಿ ತರಲಾಗುವುದು.
೪. ಲೆವಲ್ ಪೈಪ್, ಆರು ಅಡಿ. ಸಮಿತಿಯ ಉಪಯೋಗ ಮುಗಿದ ಮೇಲೆ ವಾಪಸು ಕೊಡುವುದು, ಅಂಬಾದಾಸನದು.

ವಿಶೇಷ ಸೂಚನೆ: ಸಹಿಗೆ ಮುಂಚೆ ಈ ಅರ್ಜಿಯನ್ನು ಅರ್ಜಿದಾರರಿಗೆ ಓದಿ ಹೇಳಲಾಯಿತು. ಓದಿದವಳು ಶಾಮಲಾ. ಒಂದೊಂದು ಅಂಶಕ್ಕೆ ಒಂದೊಂದು ಬೆರಳು ಮಡಚುತ್ತ ಅವರು ಹತ್ತು ಎಣಿಸಿದರು. "ಹತ್ತಾದ್ವು. ಅದೊಂದು ತಗದ್ರಿ, ಚೊಲೋ ಆತು" ಎಂದು ಹೆಬ್ಬೆಟ್ಟು ಮುಂದೆ ಮಾಡಿದರು. ಆದ್ದರಿಂದ ವಿಚಾರಣೆಗೆ ಅವರನ್ನು ಕರೆಸಿದ ದಿನ, ಅವರೆದುರಿಗೆ ಹತ್ತನ್ನೇ ಓದಬೇಕು, ಹನ್ನೊಂದನೆಯದನ್ನು ಅವರು ಬಾಗಿಲು ದಾಟಿದ ಮೇಲೆ ಓದಬೇಕು ಎಂದು ವಿನಂತಿ.